ಉಸುಕಿನಲ್ಲಿ ಕಟ್ಟಿದ ಗಂಟು

ಮರೆವು ಬಂದಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಮನೆಯಲ್ಲಿ ದೆವ್ವ ಇದೆ ಎನ್ನುವುದು ಸುಲಭ. ದೆವ್ವವೆಂದರೆ ಜನ ಹೆದರುತ್ತಾರೆ. ಮರೆವೆಂದರೆ ಸೊಸೆ ಗ್ಯಾಸಿನ ಹತ್ತಿರ ಬಿಡುವುದಿಲ್ಲ. ಹಿಂದೊಮ್ಮೆ ಬಿಪಿ ಗುಳಿಗೆಯನ್ನು ಎರಡು ಸಲ ನುಂಗಿ ಬಚ್ಚಲಲ್ಲಿ ಬಿದ್ದಿದ್ದೆ. ಇನ್ನೊಮ್ಮೆ ಹಾಗಾದರೆ ಗುಳಿಗೆ ಡಬ್ಬಿಯೂ ಅಡಿಗೆಮನೆಯೂ ತನ್ನ ಕೈಗೆ ಎಂದು ಸೊಸೆ ಸುಮಾ ಹೇಳಿಬಿಟ್ಟಿದ್ದಳು.

ಮೊಮ್ಮಗಳು ವಿದ್ಯಾ ಧನಕವಡಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಓದುವುದು ಕಡಿಮೆ, ಕಂಪ್ಯೂಟರಿನಲ್ಲಿ ಆಟ ಹೆಚ್ಚು. ಆಟದಲ್ಲಿ ಉಸುಕು, ನೀರು, ಬೆಂಕಿ ಕಾಳುಕಾಳಾಗಿ ಸುರಿಯುತ್ತವೆ. ಅದರಲ್ಲೇ ತಂತಿ ಎಳೆದು ಎಂಟು ಪುಟ್ಟ ಮನೆ ಕಟ್ಟಿದ್ದಳು. ಒಂದು ಮನೆಗೆ ಕಿಡಿ ಮುಟ್ಟಿಸಿದರೆ, ನಾವು ಆರಿಸುವ ತನಕ ಅದು ಒಳಗೇ ಸುತ್ತುತ್ತಿರುತ್ತದೆ.

"ಇದು ನೆನಪು, ಅಜ್ಜಿ. ಹೌದೋ ಅಲ್ಲೋ, ಇಷ್ಟ ನೆನಪಿಡತದ."

"ಅದಕ್ಕ ಇಷ್ಟ್ ಕರೆಂಟ್ ಸುಡಬೇಕೇನ? ನಾ ಸೆರಗಿಗೆ ಗಂಟ್ ಹಾಕ್ತೀನಿ, ಮುಗೀತು."

ಅವಳು ನಕ್ಕು ಮೊದಲ ಮನೆಯನ್ನು ನನಗೇ ಕೊಟ್ಟಳು. ಬೆಳಿಗ್ಗೆ ಅವಳು ಅದನ್ನು ಆರಿಸಿ ಹೋಗುವುದು, ಗುಳಿಗೆ ನುಂಗಿದ ಮೇಲೆ ನಾನು ಮೌಸ್ ಒತ್ತಿ ಕಿಡಿ ಮುಟ್ಟಿಸುವುದು.

ಒಂದು ಮಧ್ಯಾಹ್ನ, ನಾನೊಬ್ಬಳೇ ಇದ್ದಾಗ, ಹೋಗಿ ನೋಡಿದರೆ ಕಂಪ್ಯೂಟರಿನಲ್ಲಿ ನನ್ನ ಮನೆ ಹಳದಿಯಾಗಿ ಉರಿಯುತ್ತಿದೆ. ಗುಳಿಗೆ ನುಂಗಿದ ನೆನಪಿಲ್ಲ. ಕಿಡಿ ಮುಟ್ಟಿಸಿದ ನೆನಪೂ ಇಲ್ಲ. ಪರದೆಯ ಮೂಲೆಯಲ್ಲಿ ಉಸುಕು ಸದ್ದಿಲ್ಲದೆ ಸುರಿಯುತ್ತಿತ್ತು. ಬಾಗಿಲು ನೋಡಿ ಬಂದೆ. ಒಳಗಿನ ಚಿಲಕ ಹಾಕಿದ ಹಾಗೇ ಇತ್ತು. ಡಬ್ಬಿಯಲ್ಲಿ ಗುಳಿಗೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು, ಎಷ್ಟಿದ್ದವೆಂದು ನೋಡಿಟ್ಟವರು ಯಾರು?

ಆಮೇಲೆ ಹೊಳೆದದ್ದು ಇನ್ನೂ ಕೆಟ್ಟದ್ದು. ಮದುವೆಯಾದಾಗಿನಿಂದ ನಾನು ಗಂಟು ಹಾಕುವುದು ಮಾಡಬೇಕಾದ ಕೆಲಸಕ್ಕೆ. ಮಾಡಿ ಮುಗಿಸಿ ಬಿಚ್ಚುತ್ತೇನೆ. ವಿದ್ಯಾಳ ಕಿಡಿಯೋ, ಮುಗಿದ ಕೆಲಸಕ್ಕೆ. ಇದನ್ನು ನಾನು ಯಾವ ರೂಢಿಯಲ್ಲಿ ಹಚ್ಚಿದೆ? ನುಂಗಿದ್ದೇನೆ ಎಂದೋ, ನುಂಗಬೇಕು ಎಂದೋ? ಆ ಕಿಡಿಗೂ ಗೊತ್ತಿರಲಿಲ್ಲ. ಏನೋ ಒಂದಿದೆ ಎಂಬುದನ್ನಷ್ಟೇ ಹಿಡಿದುಕೊಂಡು, ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಿತ್ತು.

ಕೊನೆಗೆ ಸುಮಾಳ ಆಫೀಸಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಈಗೇನೂ ತಗೋಬ್ಯಾಡ್ರಿ ಅತ್ತಿ. ಸುಮ್ಮ ಕೂತಿರ್ರಿ, ನಾ ಬರ್ತೀನಿ."

ಬೈಯಲಿಲ್ಲ. ನನಗೆ ಮೈ ತಣ್ಣಗಾದದ್ದು ಆಗ.

ಈಗ ಡಬ್ಬಿ ಅವಳ ಕಪಾಟಿನಲ್ಲಿದೆ. ಅವಳು ಮನೆಯಲ್ಲಿದ್ದಾಗ ಮಾತ್ರ ಅಡಿಗೆಮನೆ ನನ್ನದು. ದೆವ್ವ ಬಂದಿತ್ತು ಎಂದುಬಿಟ್ಟಿದ್ದರೆ ಚೆನ್ನಾಗಿತ್ತು. ಇದನ್ನು ಬರೆಯಲು ಕೂತಾಗ ನೋಡುತ್ತೇನೆ, ಸೆರಗಿನ ತುದಿಗೆ ಬಿಗಿಯಾದ ಗಂಟೊಂದಿದೆ. ಯಾವ ಕೆಲಸದ್ದೋ ತಿಳಿಯದು. ಬಿಚ್ಚಲು ಧೈರ್ಯವಿಲ್ಲ, ಬಿಚ್ಚಿದರೆ ಆ ಕೆಲಸ ಮಾಡಿದೆನೆಂದೇ ನಂಬಿಬಿಡುತ್ತೇನೆ.