ಮುಹೂರ್ತದ ಕರೆಂಟು

ಇಂಜಿನಿಯರ್ ಆದವಳಿಗೆ ಕರೆಂಟಿನ ಭಯವೇ ಎಂದು ನಗಬೇಡಿ. ನಮ್ಮ ಮನೆಯಲ್ಲಿ ಡಿಗ್ರಿ ಎಂಬುದನ್ನು ಕಂಡವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಅದನ್ನು ಒಂದು ಶಾಕಿಗೆ ಕಳೆದುಕೊಳ್ಳಲು ನಾನು ತಯಾರಿಲ್ಲ. ನನ್ನ ಕೆಲಸವೋ, ಯಂತ್ರ ಹೇಳುವ ಮಾತನ್ನು ಎರಡು ಸಪೂರ ತಂತಿಗಳಲ್ಲಿ ತಂದು, ಅದನ್ನು ನಿಮಿಷ ನಿಮಿಷಕ್ಕೂ ಬರೆದಿಡುವ ಲಾಗರ್ ಎಂಬ ಪೆಟ್ಟಿಗೆಗೆ ಜೋಡಿಸುವುದು. ಈ ತಂತಿಗಳು ಐದು ವೋಲ್ಟಿನ ಸಾಧುಗಳು. ಆದರೆ ವಾಸ ಮಾತ್ರ ಇನ್ನೂರ ಮೂವತ್ತು ವೋಲ್ಟಿನ ರೌಡಿಗಳ ಪಕ್ಕದಲ್ಲೇ. ಕೈ ಜಾರಿದರೆ ಲಾಗರೂ ಹೋಯಿತು, ನಾನೂ ಹೋದೆ. ಹಾಗಾಗಿ ಮೊದಲು ಮೈನ್ ಆಫ್, ಆಮೇಲೆ ಸ್ಕ್ರೂಡ್ರೈವರ್.

ಮೊನ್ನೆ ಮೂಡುಬಿದಿರೆ ಹತ್ತಿರದ ಗೇರುಬೀಜದ ಕಾರ್ಖಾನೆಯೊಂದಕ್ಕೆ ಹೋದೆ. ಬೀಜ ಒಣಗಿಸುವ ಹೊಸ ಯಂತ್ರಕ್ಕೆ ಲಾಗರ್ ಜೋಡಿಸಬೇಕಿತ್ತು. ಮಧ್ಯಾಹ್ನ ಬೀಜ ಕೊಳ್ಳುವ ದೊಡ್ಡ ಪಾರ್ಟಿಯೊಬ್ಬರು ನೋಡಲು ಬರುವವರಿದ್ದರು. ಒಳಗಿನ ಬಿಸಿಯ ದಾಖಲೆ ಕಂಡರೆ ಮಾತ್ರ ಆರ್ಡರು. ಯಂತ್ರ ಆಗಲೇ ದಾಸವಾಳದ ಮಾಲೆ ಹಾಕಿಕೊಂಡು ಗುಂಯ್‌ಗುಡುತ್ತಿತ್ತು. "ಒಮ್ಮೆ ಆಫ್ ಮಾಡುವ" ಎಂದೆ. ಧಣಿ ಸಂಜೀವಣ್ಣ ಮೈನ್ ಸ್ವಿಚ್ಚಿಗೆ ಅಡ್ಡ ನಿಂತರು.

"ಎಂಥ ಹೇಳ್ತೀರಿ ಮಾರಾಯ್ರೆ! ಬೆಳಿಗ್ಗೆ ಮುಹೂರ್ತಕ್ಕೆ ಭಟ್ರು ಹಾಕಿದ ಸ್ವಿಚ್ ಅದು. ಮೊದಲ ದಿನವೇ ಆರಿಸುದಾ?"

"ಕರೆಂಟು ಹೋದ್ರೆ?"

"ಅದು ದೇವರು ತೆಗೆದದ್ದು. ನಾವು ತೆಗೆದದ್ದಲ್ಲ. ಅದಕ್ಕೆ ದೋಷ ಇಲ್ಲ."

ನಾನೂ ಬಿಡಲಿಲ್ಲ. ಕರೆಂಟು ಇರುವಾಗ ತಂತಿ ಮುಟ್ಟುವವರು ಇಂಜಿನಿಯರೇ ಅಲ್ಲ ಎಂದು ಬೀಜ ಸುಲಿಯುವ ಹೆಂಗಸರಿಗೆಲ್ಲ ಕೇಳುವ ಹಾಗೆ ಭಾಷಣ ಬಿಗಿದೆ. ಭಾಷಣ ಮುಗಿಯುವ ಮೊದಲೇ ಕರೆಂಟು ಹೋಯಿತು! ಕರೆಂಟು ಹೋದದ್ದಕ್ಕೆ ಕುಣಿದವಳು ಈ ಜಿಲ್ಲೆಯಲ್ಲೇ ನಾನೊಬ್ಬಳಿರಬೇಕು. "ಜನರೇಟರ್ ಹಾಕ್ಬೇಡಿ!" ಎಂದು ಕೂಗಿ, ಮೈನ್ ಕೆಳಗೆ ಎಳೆದು, ಟೆಸ್ಟರ್ ಇಟ್ಟು ನೋಡಿ, ತಂತಿ ಬಿಗಿದು, ಮೈನ್ ಮೇಲೆತ್ತಿದೆ. ದೇವರು ತೆಗೆದದ್ದರ ಮೇಲೆ ನಾನು ತೆಗೆದದ್ದಕ್ಕೆ ಸಂಜೀವಣ್ಣನ ಆಕ್ಷೇಪ ಇರಲಿಲ್ಲ. ಕರೆಂಟು ಬಂತು. ಯಂತ್ರ ಗುಂಯ್ ಎಂದಿತು. ಲಾಗರ್ ಮಾತ್ರ ಅಂಕೆಯ ಬದಲು ಬರೀ ಗೆರೆ ತೋರಿಸಿತು.

ಏನೂ ಸುಟ್ಟಿರಲಿಲ್ಲ. ಕುಣಿಯುವ ಭರದಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೆ, ಅಷ್ಟೇ. ಪಾರ್ಟಿಯವರು ಬಿ.ಸಿ.ರೋಡ್ ದಾಟಿ ಬಹಳ ಹೊತ್ತಾಯಿತೆಂದು ಫೋನು ಬಂತು. ಸಂಜೀವಣ್ಣನ ಮುಖದಲ್ಲಿ ಬೆವರು. ಆದರೂ ಸ್ವಿಚ್ ಬಿಟ್ಟು ಅಲುಗಾಡಲಿಲ್ಲ. ಕರೆಂಟು ಇರುವಾಗಲೇ ಬದಲಿಸುವ ಎಂದರೆ ನನ್ನ ಭಾಷಣ ಇನ್ನೂ ಗಾಳಿಯಲ್ಲಿತ್ತು. ಬೇರೆ ದಾರಿ ಕಾಣದೆ ಯಂತ್ರದ ಮುಂದೆ ಕೈಮುಗಿದು ಕಣ್ಣು ಮುಚ್ಚಿದೆ.

"ಎಂಥ ಮೇಡಂ, ಬೇಡಿಕೊಳ್ಳುದು?" ಬೀಜ ಸುಲಿಯುತ್ತಿದ್ದ ಲೀಲಕ್ಕ ಕೇಳಿದರು.

"ಕರೆಂಟು ಹೋಗ್ಲಿ ಅಂತ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಪಾಪ, ನಾವೂ ಒಂದು ಕೈ ಮುಗಿಯುವ" ಎಂದು ಲೀಲಕ್ಕ ಅನ್ನುತ್ತಿದ್ದಂತೆ ಫ್ಯಾನು ನಿಂತಿತು.

ಮೈನ್ ಎಳೆದು, ತಂತಿಗಳನ್ನು ಸರಿಯಾಗಿ ಬಿಗಿದು, ಮತ್ತೆ ಮೇಲೆತ್ತಿದೆ. ಕರೆಂಟು ವಾಪಸು ಬಂದು ಲಾಗರಿನಲ್ಲಿ ಅಂಕೆಗಳು ಓಡತೊಡಗಿದಾಗ ಗೇಟಿನಲ್ಲಿ ಕಾರು ಹಾರನ್ ಹಾಕಿತು. ದಾಖಲೆ ನೋಡಿ ಪಾರ್ಟಿಯವರು ತಲೆಯಾಡಿಸಿದರು, ಆರ್ಡರೂ ಆಯಿತು. ಖುಷಿ ತಡೆಯಲಾರದೆ ಸಂಜೀವಣ್ಣ ನನ್ನನ್ನು ಮುಂದೆ ಕರೆದು ಪರಿಚಯಿಸಿದರು: "ಬಿ.ಇ. ಮಾಡಿದವರು. ಇವರು ಕೈಮುಗಿದ್ರೆ ಸಾಕು, ಕರೆಂಟು ಹೋಗ್ತದೆ!"

ನಾನು ತಿದ್ದಲು ಹೋಗಲಿಲ್ಲ. ಎರಡೇ ಎರಡು ತಂತಿಗಳನ್ನು ತಪ್ಪಾಗಿ ಜೋಡಿಸಿದವಳು ಅನ್ನಿಸಿಕೊಳ್ಳುವುದಕ್ಕಿಂತ ಇದೇ ಮರ್ಯಾದೆಯದ್ದು.