ಎಲ್ಲರೂ ಎಂದರೆ ಎಷ್ಟು ಜನ?

ನಾಚಿಕೆ ಎನ್ನುವುದು ಕೆಲವರಿಗೆ ಮದುವೆಯ ದಿನ ಬಂದು ಮಾರನೆಯ ದಿನ ಹೋಗುತ್ತದಂತೆ. ನನಗೆ ಹುಟ್ಟಿದಾಗ ಬಂದದ್ದು ಇನ್ನೂ ಹೋಗಿಲ್ಲ. ಊರಿನ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೇಳಿದರೆ ಪಕ್ಕದ ಹುಡುಗಿಯ ಮುಖ ನೋಡುತ್ತಿದ್ದೆ, ಅವಳೇ ಹೇಳಲಿ ಎಂದು. ಮದುವೆಯಾದ ಮೇಲೂ ಅಷ್ಟೆ. ನೆಂಟರು ಬಂದರೆ ಕಾಫಿ ಲೋಟವನ್ನು ಹೊಸ್ತಿಲ ಹತ್ತಿರ ಇಟ್ಟು ಒಳಗೆ ಓಡುತ್ತಿದ್ದೆ. "ಬೆಕ್ಕಿಗೆ ಇಟ್ಟಂಗೆ ಇಡ್ತೀಯಲ್ಲೇ" ಎಂದು ನಿಮ್ಮ ತಾತ ಬೈಯುತ್ತಿದ್ದರು. ಇಂಥ ನನ್ನ ಮಾತನ್ನು ಎಂಬತ್ತು ಸಾವಿರ ಜನ ಕೇಳಿದ್ದಾರೆ. ಮೊಮ್ಮಕ್ಕಳೇ, ನೀವೆಲ್ಲ ನಕ್ಕು ಸುಮ್ಮನಾದಿರಿ. ಆಮೇಲೆ ಅಜ್ಜಿಯ ಗತಿ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ದೊಡ್ಡವಳು, ಚಿಕ್ಕಬಳ್ಳಾಪುರದಲ್ಲಿ ಓದುವ ಭವ್ಯ, ಹೋದ ವರ್ಷ ರಜಕ್ಕೆ ಬಂದಾಗ ನನ್ನ ಫೋನಿನಲ್ಲಿ ಒಂದು ಚಾನೆಲ್ ಮಾಡಿಕೊಟ್ಟಳು. "ಅಜ್ಜೀ, ನೀನು ಅಡುಗೆ ಮಾಡೋದನ್ನ ವಿಡಿಯೊ ತೆಗ್ದು ಹಾಕಮ್ಮ, ಎಲ್ರೂ ನೋಡ್ತಾರೆ" ಎಂದಳು. ತಪ್ಪಾದದ್ದು ಆ 'ಎಲ್ರೂ' ಎಂಬ ಮಾತಿನಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ಎಂದರೆ ಐದು ಮೊಮ್ಮಕ್ಕಳು. "ಎಲ್ರೂ ಊಟಕ್ಕೆ ಬನ್ರೋ" ಎಂದು ಕೂಗಿ ಐದು ತಟ್ಟೆ ಹಾಕುವವಳು ನಾನು. ಹಾಸ್ಟೆಲ್ಲುಗಳಲ್ಲಿ ಬಾಯಿ ಕೆಟ್ಟು ಕೂತಿರುವ ನಿಮಗೆ ಕಾಗದ ಬರೆಯುವ ಹಾಗೆ, ರಾಗಿ ಡಬ್ಬಕ್ಕೆ ಫೋನ್ ಒರಗಿಸಿ, ಮುಖ ಕಾಣದ ಹಾಗೆ ಬರೀ ಕೈ ತೋರಿಸಿ ಮಾತಾಡತೊಡಗಿದೆ. ಬಸ್ಸಾರು ಹಾಕಿದೆ, ನೋಡಿದ್ದು ಹನ್ನೊಂದು ಸಲ ಎಂದು ತೋರಿಸಿತು. ಹುಚ್ಚೆಳ್ಳು ಚಟ್ನಿ ಹಾಕಿದೆ, ಅದಕ್ಕೂ ಹನ್ನೊಂದು. ಐದೂ ಮಕ್ಕಳು ಎರಡೆರಡು ಸಲ ನೋಡಿದ್ದಾರೆ, ಪ್ರೀತಿ ಹೆಚ್ಚಾಗಿ ಯಾರೋ ಒಬ್ಬರು ಮೂರನೆಯ ಸಲವೂ ನೋಡಿದ್ದಾರೆ ಎಂದು ಲೆಕ್ಕ ಹಾಕಿ ಹಿಗ್ಗಿದೆ.

ಅವರೆಕಾಯಿ ಕಾಲ ಬಂತು. ಹಿತಕಿದ ಬೇಳೆ ಸಾರು ಮಾಡುತ್ತಾ, ಮನೆಯ ಮಕ್ಕಳ ಹತ್ತಿರ ಮಾತಾಡುವ ಸಲಿಗೆಯಲ್ಲಿ ಅಂದುಬಿಟ್ಟೆ: "ಸಾರು ಹಿಂಗೆ ಗಟ್ಟಿಗಿರ್ಬೇಕು ಕಣ್ರೋ, ನಿಮ್ಮ ದೊಡ್ಡಜ್ಜಿ ಮಾಡೋ ಥರ ಅಲ್ಲ. ಅವಳ ಸಾರಲ್ಲಿ ಬೇಳೆ ಹುಡುಕ್ಬೇಕಾದ್ರೆ ಪಾತಾಳಗರಡಿ ಬಿಡ್ಬೇಕು." ಬಾವಿಗೆ ಬಿದ್ದ ಬಿಂದಿಗೆಯನ್ನು ತೆಗೆಯುವ ಕೊಕ್ಕೆಗಳ ಗೊಂಚಲು ಅದು. ಬಾವಿಯನ್ನೇ ಕಾಣದ ಜನಕ್ಕೆ ಆ ಮಾತು ಯಾಕೆ ಅಷ್ಟು ರುಚಿಸಿತೋ ಕಾಣೆ. ಒಂದೇ ವಾರದಲ್ಲಿ ಎಂಬತ್ತು ಸಾವಿರ! ಚಿಂತಾಮಣಿ ಬಸ್ಸಿನಲ್ಲಿ "ಸಾದಲಿಗೆ ಒಂದು ಟಿಕೆಟ್" ಎಂದೆ ಅಷ್ಟೆ, ಮುಂದೆ ಕೂತಿದ್ದ ಹೆಂಗಸು ಸರಕ್ಕನೆ ತಿರುಗಿ, "ಅಯ್ಯೋ, ಪಾತಾಳಗರಡಿ ಅಜ್ಜಿ ಅಲ್ವೇನಮ್ಮಾ ನೀವು? ದನಿ ಕೇಳಿದ್ರೇ ಗೊತ್ತಾಗ್ತದೆ!" ಎಂದಳು. ಅಂದಿನಿಂದ ಊರಿನ ಹೆಸರು ಬರೆದ ಚೀಟಿಯನ್ನು ಕಂಡಕ್ಟರಿಗೆ ತೋರಿಸುತ್ತೇನೆ. ಪಾಪ, ಬಾಯಿ ಬಾರದವಳೆಂದು ಸೀಟು ಬಿಡಿಸಿಕೊಡುತ್ತಾನೆ.

ದೊಡ್ಡಜ್ಜಿ ಎಂದರೆ ನನ್ನ ಓರಗಿತ್ತಿ ನಾರಾಯಣಮ್ಮ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ನಾನು ಅಕ್ಕ ಎನ್ನುತ್ತೇನೆ. ನಲವತ್ತು ವರ್ಷದಿಂದ ಪ್ರತಿ ಅವರೆ ಕಾಲದಲ್ಲೂ ಮಧ್ಯಾಹ್ನ ಜಗಲಿಯ ಮೇಲೆ ಕೂತು, ನೆನೆಸಿದ ಕಾಳು ಹಿತಕುತ್ತಾ ಊರಿನವರನ್ನೆಲ್ಲ ಆಡಿಕೊಂಡವರು ನಾವು. ಅವಳಿಗೆ ಗೌರಿಬಿದನೂರಿನಿಂದ ಅವಳ ತಂಗಿಯೇ ಫೋನ್ ಮಾಡಿ, "ಅಕ್ಕಾ, ಒಂದು ಪಾತಾಳಗರಡಿ ಕಳಿಸ್ಲಾ?" ಎಂದಳಂತೆ. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ವಿಡಿಯೊ ಅಳಿಸಿಹಾಕಿದೆ. ಅಷ್ಟರಲ್ಲಿ ಜನ ತಂತಮ್ಮ ಫೋನಿಗೆ ತುಂಬಿಕೊಂಡಾಗಿತ್ತು.

ಹಿತ್ತಿಲ ಬಾಗಿಲಿಗೆ ಹೋಗಿ, "ಅಕ್ಕಾ, ತಪ್ಪಾಯ್ತು" ಎಂದೆ.

"ಏನಂದೆ? ಲೋಕಕ್ಕೆಲ್ಲ ಕೇಳೋ ಹಂಗೆ ಆಡ್ಕೊಂಡು, ತಪ್ಪಾಯ್ತು ಅನ್ನೋಕೆ ಮಾತ್ರ ಹಿತ್ತಿಲಿಗೆ ಬಂದ್ಯಾ? ಹೋಗೇ!"

ಅವಳ ಮಾತು ನ್ಯಾಯವಾಗಿತ್ತು. ಮೂರು ದಿನ ಧೈರ್ಯ ಕೂಡಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಮುಖ ತೋರಿಸಿ, ತಪ್ಪಾಯ್ತೆಂದು ವಿಡಿಯೊ ಮಾಡಿದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. "ನಮ್ಮಕ್ಕನ ಸಾರು ತೆಳ್ಳಗಿರೋದು ನಿಜ. ಆದ್ರೆ ನಮ್ಮೆಜಮಾನ್ರು ಹೋದಾಗ ಮೂರು ತಿಂಗಳು ನನಗೆ ಒಲೆ ಹಚ್ಚೋಕೆ ಬಿಡದೆ ಸಾರು ತಂದಿಟ್ಟೋಳು ಅವಳೇ. ಆವಾಗ ಗಟ್ಟಿ ಸಾರು ನನ್ನ ಗಂಟಲಲ್ಲಿ ಇಳೀತಿರ್ಲಿಲ್ಲ" ಎಂದೆ. ಹೇಳುವಾಗ ಅತ್ತುಬಿಟ್ಟೆ.

ನೋಡಿದವರು ಹತ್ತೊಂಬತ್ತು ಜನ.

ಅಕ್ಕ ಗೋಡೆಯಾಚೆ ಹಸುವಿಗೆ ಹುಲ್ಲು ಹಾಕುತ್ತಾ ಹಸುವಿನ ಹತ್ತಿರವೇ ಹೇಳಿದಳು: "ಬೈದಿದ್ದು ಕೇಳೋಕೆ ಎಂಬತ್ತು ಸಾವಿರ, ತಪ್ಪಾಯ್ತು ಅಂದಿದ್ದಕ್ಕೆ ಹತ್ತೊಂಬತ್ತಾ? ಅವ್ರೆಲ್ಲಾ ನೋಡ್ಲಿ, ಆಮೇಲೆ ಮಾತಾಡ್ತೀನಂತೆ."

ಅಂದಿನಿಂದ ನಾನು ಬೀದಿಗೆ ಬಿದ್ದೆ. ಹಾಲಿನ ಡೈರಿಯ ಸಾಲಿನಲ್ಲಿ, ರೇಷನ್ ಅಂಗಡಿಯಲ್ಲಿ, ಶಿಡ್ಲಘಟ್ಟದ ಆಸ್ಪತ್ರೆಯ ಬೆಂಚಿನ ಮೇಲೆ, ಗುರುತಿಲ್ಲದವರ ಮುಂದೆಲ್ಲ ಫೋನ್ ಹಿಡಿದು, "ಅಮ್ಮಾ, ಒಂದ್ಸಲ ನೋಡಮ್ಮ" ಎನ್ನುತ್ತೇನೆ. "ಬೈಯೋದು ಹಾಕಿ ಅಜ್ಜೀ, ಮನೆಮಂದಿಯೆಲ್ಲ ನೋಡ್ತೀವಿ. ಅಳೋದ್ಯಾಕೆ?" ಎನ್ನುತ್ತಾರೆ. ಒಂದು ತಿಂಗಳಿಗೆ ನಲವತ್ತಾರು ಆಗಿದೆ. ಈ ಲೆಕ್ಕದಲ್ಲಿ ಅಕ್ಕ ಮಾತಾಡುವ ಹೊತ್ತಿಗೆ ನಾವಿಬ್ಬರೂ ಇನ್ನೆಷ್ಟು ಜನ್ಮ ಎತ್ತಬೇಕೋ.

ನಿನ್ನೆ ಮಧ್ಯಾಹ್ನ ಒಬ್ಬಳೇ ಕಾಳು ಹಿತಕುತ್ತಿದ್ದಾಗ ಗೋಡೆಯಾಚೆ ಯಾರೋ ಹೆಂಗಸಿನ ನಡುಗುವ ದನಿ ಕೇಳಿಸಿತು. ಯಾರಪ್ಪಾ ಪಾಪ ಎಂದು ಕಿವಿಗೊಟ್ಟರೆ ಅದು ನನ್ನದೇ ದನಿ! ಅಕ್ಕ ನನ್ನ ವಿಡಿಯೊ ಹಾಕಿಕೊಂಡಿದ್ದಳು. "ನಮ್ಮಕ್ಕನ ಸಾರು ತೆಳ್ಳಗಿರೋದು ನಿಜ" ಎಂಬಲ್ಲಿಗೆ ಬಂತು. ಅಕ್ಕ ಟಕ್ಕನೆ ನಿಲ್ಲಿಸಿಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಅದೇ ಜಾಗದಲ್ಲಿ ನಿಂತಿತು. ನಾಲ್ಕು ಸಲ ಹಾಕಿದಳು, ನಾಲ್ಕು ಸಲವೂ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. 'ಆದ್ರೆ' ಎಂಬ ಮಾತು ಅವಳ ಕಿವಿಗೆ ಇನ್ನೂ ಬಿದ್ದೇ ಇಲ್ಲ. ಜೀವಮಾನಕ್ಕೆ ಒಂದು ಸಲ ಮುಖ ತೋರಿಸಿ ಬಾಯಿ ಬಿಟ್ಟೆ ಮಕ್ಕಳೇ, ಅದರಲ್ಲೂ ಮೊದಲು ಹೇಳಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡೆ.