ಮಂಚೇಗೌಡರ ಮೂಳೆ-ಮೊಳೆ ಮಹಾಸಮರ

ಎಲೈ ಜಿಹ್ವಾಗ್ರವಾಸಿನಿಯಾದ ವಾಗ್ದೇವಿಯೇ, ಇಂದೊಮ್ಮೆ ನಿನ್ನ ನೆರೆಮನೆಯವರಾದ ಹಲ್ಲುಗಳ ಕಥೆಯನ್ನು ನುಡಿಸು! ಕಲಿಯುಗವೆಂಬ ಈ ದಂತಕ್ಷಯಕಾರಕ ಕಾಲದಲ್ಲಿ, ಇಕ್ಷುದಂಡವನಮಂಡಿತವಾದ ಮಂಡ್ಯದ ಸೀಮೆಯಲ್ಲಿ, ಅಜಾಸ್ಥಿಚೂರ್ಣೀಕರಣಧುರಂಧರ, ನಲ್ಲಿಮೂಳೆನಿರ್ದಲನಪ್ರಚಂಡ, ಬೀಗರೂಟಸಮರಸಿಂಹರೆಂಬ ಬಿರುದುಗಳಿಂದ ಮಂಚೇಗೌಡರು ರಾರಾಜಿಸುತ್ತಿದ್ದರು. ಅವರು ಉಂಡೆದ್ದ ಎಲೆಯ ಬಳಿಗೆ ಬಂದ ನಾಯಿಗಳು ನಿಟ್ಟುಸಿರಿಟ್ಟು ಹಿಂದಿರುಗುತ್ತಿದ್ದವು.

ವಿಧಿ ಬಿಟ್ಟೀತೇ? ಟಗರಿನ ತೊಡೆಗೂ ಮಣಿಯದ ಅವರ ದವಡೆಹಲ್ಲೊಂದು ಯಃಕಶ್ಚಿತ್ ಪುರಿಯುಂಡೆಗೆ ಆಹುತಿಯಾಯಿತು. ಅದೂ ಮಗಳ ಮದುವೆ ಗೊತ್ತಾದ ಹೊತ್ತಿನಲ್ಲಿ. ವರನ ತಂದೆ ಜವರಪ್ಪ, ಸ್ವತಃ ಮೂಳೆ ಕಡಿಯುವುದರಲ್ಲಿ ಹೆಸರಾದವನು, ನಾಲ್ಕು ಜನರೆದುರು ಕೇಳಿಯೇಬಿಟ್ಟ: "ಏನ್ ಬೀಗ್ರೆ, ಬೀಗರೂಟದಲ್ಲಿ ನಿಮ್ಗೆ ಬರೀ ಸಾರು ಬಿಡ್ಸನಾ?"

ಆ ಮಾತಿನಿಂದ ಗೌಡರಿಗೆ ನಿಜಕ್ಕೂ ನೋವಾಯಿತು. ಅವರ ದವಡೆಗೆ ದಂತವೈದ್ಯೆ ಸುಕನ್ಯಾ ಟೈಟಾನಿಯಂ ಮೊಳೆ ನೆಟ್ಟರು. ಅದು ಕಚ್ಚಿಕೊಳ್ಳುವ ತನಕ ಗೌಡರು ಗಂಜಿ ಕುಡಿದು ತಪಸ್ಸು ಮಾಡಿದರು. ಈಗ ಮೊಳೆಗೂ ಹಲ್ಲಿಗೂ ನಡುವಿನ ಕಂಬವನ್ನು, ವೈದ್ಯರು ಅಬಟ್‌ಮೆಂಟ್ ಎನ್ನುವುದನ್ನು, ಕೂರಿಸುವ ಶುಭದಿನ. ವೈದ್ಯೆ ಎತ್ತಿ ತೋರಿಸಿದ ಕಂಬ ಮೊಳೆಯ ತಲೆಗಿಂತ ಸಣ್ಣದಾಗಿತ್ತು.

ಕುರ್ಚಿಯಲ್ಲಿ ಮಲಗಿದ್ದ ವೀರರು ಸಿಂಹಾಸನದಿಂದೇಳುವಂತೆ ಎದ್ದು ಕೂತರು. "ಡಾಕ್ಟ್ರಮ್ಮ, ಇದು ಸಾಮಾನ್ಯದ ದವಡೆ ಅಂದ್ಕಂಡ್ರಾ? ಚಪ್ಪರಕ್ಕೆ ಯಾರಾರ ಊದಿನಕಡ್ಡಿ ನೆಡ್ತಾರಾ? ಮೊಳೆಯಷ್ಟೇ ದಪ್ಪದ ಕಂಬ ಹಾಕಿ!"

"ದಪ್ಪ ಹಾಕಿದ್ರೆ ಮೂಳೆ ಕರಗುತ್ತೆ ಗೌಡ್ರೆ," ಎಂದರು ವೈದ್ಯೆ.

ಪಕ್ಕದ ಕೋಣೆಯಲ್ಲಿ ಯಾರದೋ ಹಲ್ಲು ಕೊರೆಯುವ ಯಂತ್ರ ಗುಯ್ಯೆನ್ನುತ್ತಿತ್ತು. ಆ ರಣಭೇರಿಯ ನಡುವೆ ಒಂದು ದೀರ್ಘ ಹ್ರಸ್ವವಾಯಿತು, ಮಹಾಯುದ್ಧ ಹೊತ್ತಿಕೊಂಡಿತು.

"ಮೊಳೆ ಕರಗ್ತದಾ? ಟೈಟಾನಿಯಂ ಅಂತ ಹೇಳಿ ಬೆಲ್ಲದಚ್ಚು ಮಡಗ್ಬುಟ್ರಾ ನನ್ ಬಾಯ್ಗೆ? ಕಿತ್ತಾಕಿ! ಈಗ್ಲೇ ಕಿತ್ತಾಕಿ!"

ಕನ್ನಡಿ ಉರುಳಿತು, ಹತ್ತಿಯುಂಡೆಗಳು ದಿಕ್ಕಾಪಾಲಾದವು. ಆಗ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಗೌಡರ ಧರ್ಮಪತ್ನಿ ಸಾಕಮ್ಮ ತಲೆಯೆತ್ತದೆಯೇ ಒಂದು ಬಾಣ ಬಿಟ್ಟರು. "ಅಯ್ಯೋ, ಮೊಳೆಯಲ್ಲ ಕಣಿ, ಮೂಳೆ! ನಿಮ್ ದವಡೆ ಮೂಳೆ!"

ಸಮರಸಿಂಹರು ಮೆಲ್ಲಗೆ ಹಿಂದಕ್ಕೊರಗಿದರು. ವೈದ್ಯೆ ನಗು ನುಂಗಿಕೊಂಡು ಹೇಳಿದರು: "ಮೊಳೆ, ಕಂಬ ಸೇರೋ ಸಂದೀಲಿ ಕ್ರಿಮಿ ಕೂರುತ್ತೆ. ಎರಡೂ ಒಂದೇ ದಪ್ಪ ಇದ್ರೆ ಆ ಸಂದಿ ಮೂಳೆಗೆ ಅಂಟ್ಕೊಂಡೇ ಇರುತ್ತೆ, ಮೂಳೆ ಸವೆಯುತ್ತೆ. ಕಂಬ ಸಣ್ಣದಾದ್ರೆ ಸಂದಿ ಒಳಕ್ಕೆ ಸರಿಯುತ್ತೆ, ಮೂಳೆ ಸಾಮಾನ್ಯವಾಗಿ ಚೆನ್ನಾಗಿ ಉಳಿಯುತ್ತೆ. ಒಂದ್ಸಲ ಕೂರಿಸಿದ್ಮೇಲೆ ಬಿಚ್ಚಿ ಬಿಚ್ಚಿ ನೋಡೋದೂ ಇಲ್ಲ."

"ಹಂಗಾದ್ರೆ ಸಣ್ಣದ್ನೇ ಹಾಕಿ ತಾಯಿ," ಎಂದರು ಅಜಾಸ್ಥಿಚೂರ್ಣೀಕರಣಧುರಂಧರರು.

ಕಂಬ ನಿಂತಿತು, ಹಲ್ಲೇರಿತು. ಗೌಡರು ಮೀಸೆ ತಿರುವುತ್ತಾ ಬಾಗಿಲ ತನಕ ಬಂದಿದ್ದರು. ಹಿಂದಿನಿಂದ ವೈದ್ಯೆ ಕೂಗಿದರು: "ಇನ್ಮೇಲೆ ಮೂಳೆ ಕಡೀಬೇಡಿ!"

"ನಾನ್ಯಾಕೆ ಮೊಳೆ ಕಡೀಲಿ ಡಾಕ್ಟ್ರಮ್ಮ?"

ಸಾಕಮ್ಮ ಅವರನ್ನು ಒಮ್ಮೆ ನೋಡಿದರು. ಈ ಸಲ ಯಂತ್ರ ನಿಂತಿತ್ತು; ಗೌಡರಿಗೆ ಸರಿಯಾಗಿಯೇ ಕೇಳಿಸಿತ್ತು.

ಬೀಗರೂಟದ ದಿನ ಬಂತು. ಜವರಪ್ಪ ತಾನೇ ಆರಿಸಿ ತಂದ ಗಜಗಾತ್ರದ ನಲ್ಲಿಮೂಳೆಯನ್ನು ಗೌಡರ ಎಲೆಗೆ ಬಡಿಸಿದ. ಪಂಕ್ತಿ ಪಂಕ್ತಿಯೇ ಉಸಿರು ಬಿಗಿಹಿಡಿಯಿತು. ಹೆಂಗಸರ ಸಾಲಿನಿಂದ ಸಾಕಮ್ಮನ ಕೆಮ್ಮು ಕೇಳಿಸಿತು. ಗೌಡರು ಮೂಳೆಯನ್ನೆತ್ತಿ, ಒಮ್ಮೆ ಕಣ್ತುಂಬ ನೋಡಿ, ಜವರಪ್ಪನ ಕೈಗಿಟ್ಟರು.

"ಗಂಡಿನ ಕಡೆಯವ್ರು. ಮೊದ್ಲು ನೀವು ಕಡೀಬೇಕು ಬೀಗ್ರೆ."

ಎಂಥಾ ದೊಡ್ಡತನ ಎಂದು ಜನ ಕೊಂಡಾಡಿದರು. ಗೌಡರು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದರು. ಮುದ್ದೆಗೆ ಹಲ್ಲು ಬೇಕಿಲ್ಲ. ಕೊನೆಗೆ ಬಂದ ಬಾಳೆಹಣ್ಣನ್ನು ಮಾತ್ರ ಅವರು ಹೊಸ ಹಲ್ಲಿನ ಕಡೆಯಿಂದಲೇ, ಬಹಳ ಹೊತ್ತು ಅಗಿದರು.